ಮಾವನ ಕನ್ನಡಕದಲ್ಲಿ ಬರೆದ ಕಾದಂಬರಿ

ಅಷ್ಟು ದೊಡ್ಡ ಸಾಹಿತಿಗಳು ನಿಮಗೆ ಹೇಗಪ್ಪಾ ಸ್ನೇಹಿತರಾದರು ಎಂದು ಜನ ನನ್ನನ್ನು ಕೇಳುತ್ತಾರೆ. ಕೇಳುವ ಮೊದಲು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾರೆ. ಆ ನೋಟಕ್ಕೆ ನಾನು ಬೇಸರಪಡುವುದಿಲ್ಲ. ನಾನಿರುವುದೇ ಐದಡಿ ಎರಡಂಗುಲ. ನೋಡಿ ಮುಗಿಸುವುದಕ್ಕೆ ಯಾರಿಗೂ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಉತ್ತರವೂ ಅಷ್ಟೇ ಗಿಡ್ಡ. ನಾನು ಅವರಿಗೆ ನಮ್ಮ ಮಾವನ ಕನ್ನಡಕ ಕೊಟ್ಟೆ.

ಕನ್ನಡಕದಂಗಡಿಯ ಹಿಂದೆ ಪರದೆಯ ಆಚೆಗೆ ಒಂದು ಸಣ್ಣ ಕೋಣೆಯಿದೆ. ಇಪ್ಪತ್ತಮೂರು ವರ್ಷದಿಂದ ಅಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ನನ್ನ ಕೆಲಸ. ಗಿರಾಕಿಗಳು ನನ್ನನ್ನು ನೋಡುವುದಿಲ್ಲ. ಮುಂದೆ ಯಜಮಾನರು ಇರುತ್ತಾರೆ. ಒಂದೊಂದು ಕನ್ನಡಕಕ್ಕೂ ಒಂದೊಂದು ಟ್ರೇ. ಟ್ರೇಯಲ್ಲಿ ಫ್ರೇಮು, ಫ್ರೇಮಿನ ಕೆಳಗೆ ಡಾಕ್ಟರ ಚೀಟಿ. ಕನ್ನಡಕ ಗಿರಾಕಿಯ ಮೂಗೇರುವವರೆಗೆ ಚೀಟಿ ಟ್ರೇ ಬಿಟ್ಟು ಅಲ್ಲಾಡಕೂಡದು. ಇದು ಯಜಮಾನರ ಮೊದಲ ನಿಯಮ. ಎರಡನೆಯದು, ಗಿರಾಕಿ ಏನು ದೂರು ಹೇಳಿದರೂ "ಹೊಸ ಗಾಜು ಸಾರ್, ಎರಡು ದಿನ ಹಾಗೇ ಇರುತ್ತೆ, ಕಣ್ಣು ಒಗ್ಗಿಕೊಳ್ಳುತ್ತೆ" ಎನ್ನುವುದು. ಒಮ್ಮೆ ಗಾಜೇ ಇಲ್ಲದ ಫ್ರೇಮು ಹಾಕಿಕೊಂಡು ಹೋದವರಿಗೂ ಅವರು ಹಾಗೇ ಹೇಳಿದ್ದರು.

ಇನ್ನು ಸಾಹಿತಿಗಳ ವಿಷಯ. ಅವರ ಏಳೂ ಕಾದಂಬರಿಗಳನ್ನು ನಾನು ಎಷ್ಟು ಸಲ ಓದಿದ್ದೆನೆಂದರೆ, ಎರಡರ ರಟ್ಟು ಕಿತ್ತುಹೋಗಿ ಅಂಟುಪಟ್ಟಿ ಹಾಕಿದ್ದೆ. ಅವರು ಬರೆದದ್ದೆಲ್ಲ ಕಣ್ಣಿಗೆ ಕಟ್ಟಿದ ಹಾಗೆ ಇರುತ್ತಿತ್ತು. ಅವರ ಕಥೆಯಲ್ಲಿ ಒಂದು ಗೋಡೆ ಬಂದರೆ ಅದರ ಬಿರುಕು ಎಷ್ಟುದ್ದ, ಎಲ್ಲಿ ತಿರುಗುತ್ತದೆ ಎಂಬುದೂ ಬರುತ್ತಿತ್ತು. ಯಾರಾದರೂ ನಕ್ಕರೆ ಅವರ ಹಲ್ಲಿನ ಹುಳುಕೂ ಬಿಡುತ್ತಿರಲಿಲ್ಲ. ಆದರೆ ಹನ್ನೊಂದು ವರ್ಷದಿಂದ ಅವರು ಏನನ್ನೂ ಬರೆದಿರಲಿಲ್ಲ. ಪುಸ್ತಕದ ಹಿಂದಿನ ಅವರ ಫೋಟೋದಲ್ಲಿ ಕಪ್ಪು ಬಣ್ಣದ ದುಂಡು ಫ್ರೇಮಿನ ಕನ್ನಡಕವಿತ್ತು. ನನಗೆ ಕಣ್ಣು ಚೆನ್ನಾಗಿರುವ ದುರದೃಷ್ಟದಿಂದ ಅದನ್ನು ಹಾಕಿಕೊಳ್ಳುವ ಯೋಗವಿರಲಿಲ್ಲ. ಆದ್ದರಿಂದ ನಮ್ಮ ಮಾವನಿಗೆ ಅಂಥದ್ದೇ ಫ್ರೇಮು ಹಾಕಿಸಿದ್ದೆ.

ಮಾವ ನಮ್ಮ ಜೊತೆಗೇ ಇದ್ದಾರೆ. ಶಾಲಾ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ನಲವತ್ತು ವರ್ಷ ತಪ್ಪು ಹುಡುಕಿ ಅಭ್ಯಾಸವಾದ ಕಣ್ಣಿಗೆ ಈಗ ಸಿಕ್ಕಿದ್ದು ನಮ್ಮದೊಂದು ಮನೆ. ಕಪಾಟಿನ ಮೇಲೆ ಧೂಳು, ನನ್ನ ಅಂಗಿಯ ಮೂರನೇ ಗುಂಡಿ, ತಟ್ಟೆಯಲ್ಲಿ ಬಡಿಸಿದ್ದು ಕಡಿಮೆ, ಇವೇ ಬೆಳಗಿನಿಂದ ಸಂಜೆಯವರೆಗೆ. ಅವರ ಮಗಳು, ಅಂದರೆ ನನ್ನ ಹೆಂಡತಿ, ಇಪ್ಪತ್ತು ವರ್ಷದಿಂದ ಎಲ್ಲವನ್ನೂ ಕೇಳಿಸಿಕೊಂಡು ಹಲ್ಲು ಕಚ್ಚಿಕೊಂಡಿದ್ದಳು.

ಒಂದು ಸೋಮವಾರ ಮಾವನ ಹೊಸ ಗಾಜಿನ ಟ್ರೇ ನನ್ನ ಮೇಜಿನ ಮೇಲಿತ್ತು. ಯಜಮಾನರು ಇನ್ನೊಂದು ಟ್ರೇ ತಂದು ಅದರ ಪಕ್ಕದಲ್ಲಿಟ್ಟು ಹೋದರು. ಅದೇ ಕಪ್ಪು ದುಂಡು ಫ್ರೇಮು! ಚೀಟಿ ತೆಗೆದು ಹೆಸರು ಓದಿದೆ. ಅವರದ್ದೇ! ಚೀಟಿಯ ಹಿಂದೆ ಅವರೇ ಸ್ವಂತ ಕೈಯಿಂದ "ಬೇಗ ಕೊಡಿ" ಎಂದು ಬರೆದಿದ್ದರು. ಹನ್ನೊಂದು ವರ್ಷದಲ್ಲಿ ಅವರು ಬರೆದ ಮೊದಲ ವಾಕ್ಯ ಅದು, ನನ್ನ ಕೈಯಲ್ಲಿದೆ! ಅದನ್ನು ಯಜಮಾನರ ಕಸದ ಬುಟ್ಟಿಗೆ ಬಿಡುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಚೀಟಿಯನ್ನು ಜೇಬಿಗಿಳಿಸಿ, ನಂಬರನ್ನು ಬೇರೆ ಕಾಗದದ ಮೇಲೆ ನಕಲು ಮಾಡಿ ಟ್ರೇಯಲ್ಲಿಟ್ಟೆ. ಒಂದೇ ಥರದ ಎರಡು ಫ್ರೇಮು, ಎರಡು ಟ್ರೇ, ಎರಡು ಕಾಗದ. ಮೈಮರೆತ ಮನುಷ್ಯ ಒಬ್ಬ. ಮುಂದೆ ಆಗಿದ್ದನ್ನು ನೀವೇ ಊಹಿಸಿ.

ಬುಧವಾರ ಸಾಹಿತಿಗಳು ಬಂದು ಕನ್ನಡಕ ಹಾಕಿಕೊಂಡರು. ಸುತ್ತ ನೋಡಿದರು.

"ಯಾಕೋ ಎಲ್ಲಾ ಮಂಜು ಮಂಜಾಗಿದೆಯಲ್ಲ."

"ಹೊಸ ಗಾಜು ಸಾರ್, ಎರಡು ದಿನ ಹಾಗೇ ಇರುತ್ತೆ, ಕಣ್ಣು ಒಗ್ಗಿಕೊಳ್ಳುತ್ತೆ" ಎಂದರು ಯಜಮಾನರು.

ನಾನು ಪರದೆ ಸರಿಸಿ ಇಣುಕುತ್ತಿದ್ದೆ. ಸಾಹಿತಿಗಳ ದೃಷ್ಟಿ ನನ್ನ ಮೇಲೆ ಬಿತ್ತು, ಅಲ್ಲೇ ನಿಂತಿತು. "ಅಲ್ಲಿ ನಿಂತಿರೋರು ಯಾರು? ಎಷ್ಟು ಪ್ರಶಾಂತವಾದ ಮುಖ!" ಎಂದರು.

ಯಜಮಾನರು ನನ್ನ ಹಿಂದೆ ಯಾರಿದ್ದಾರೆಂದು ಬಗ್ಗಿ ನೋಡಿದರು.

"ನೀವೇ ಇದನ್ನು ಮಾಡಿದ್ದಾ?" ಎಂದು ಸಾಹಿತಿಗಳು ಕೈ ಚಾಚಿ ಬಂದು ಪರದೆಯ ಕೈ ಕುಲುಕಿದರು. ಎರಡನೇ ಪ್ರಯತ್ನಕ್ಕೆ ನನ್ನ ಕೈ ಸಿಕ್ಕಿತು. "ನಾಳೆ ಸಂಜೆ ಮನೆ ಕಡೆ ಬನ್ನಿ. ಮಾತಾಡೋಣ."

ಆ ದಿನ ನಾನು ಮನೆಗೆ ನಡೆದು ಹೋದೆನೋ ತೇಲಿ ಹೋದೆನೋ ಹೇಳಲಾರೆ. ಹೆಂಡತಿಗೆ ಹೇಳಿದೆ, "ನನ್ನ ಮುಖ ಪ್ರಶಾಂತವಾಗಿದೆಯಂತೆ."

"ನಿಮ್ಮ ಮುಖಾನಾ?" ಎಂದಳು.

ಅಷ್ಟರಲ್ಲಿ ಮಾವ ನಾನು ತಂದುಕೊಟ್ಟ ಹೊಸ ಕನ್ನಡಕ ಹಾಕಿಕೊಂಡು ಊಟಕ್ಕೆ ಕೂತರು. ತಟ್ಟೆ ನೋಡಿದರು. ನಾವಿಬ್ಬರೂ ಬೈಗುಳಕ್ಕೆ ತಯಾರಾದೆವು. ಮಾವ ಹೇಳಿದರು, "ಇಷ್ಟೊಂದು ಯಾಕಮ್ಮಾ ಬಡಿಸಿದೆ? ನಿಮಗೆ ಉಳಿದಿದೆಯಾ ಇಲ್ವಾ?"

ನನ್ನ ಹೆಂಡತಿಯ ಕೈಯಿಂದ ಸೌಟು ಜಾರಿತು. ಮಾವ ತಲೆಯೆತ್ತಿ ಕಪಾಟು ನೋಡಿ, "ಮನೆ ಎಷ್ಟು ಚೊಕ್ಕವಾಗಿಟ್ಟಿದೀಯ" ಎಂದರು. ಅವಳು ಒಳಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ನನಗೆ ಅನುಮಾನ ಬಂತು. ಒರೆಸಿಕೊಡುವ ನೆಪದಲ್ಲಿ ಕನ್ನಡಕ ತೆಗೆದುಕೊಂಡು ಪತ್ರಿಕೆಯ ಮೇಲೆ ಹಿಡಿದೆ. ಅಕ್ಷರಗಳು ದಪ್ಪದಪ್ಪವಾಗಿ ಮೇಲೆದ್ದು ಬಂದವು. ಹತ್ತಿರದ್ದನ್ನು ದೊಡ್ಡದು ಮಾಡುವ ಪ್ಲಸ್ ಗಾಜು! ಮಾವನದು ದೂರದ್ದನ್ನು ಸ್ಪಷ್ಟ ಮಾಡುವ ಮೈನಸ್ಸು. ತಟ್ಟೆ ಎರಡಷ್ಟು ಕಂಡದ್ದೂ, ದೂರದ ಧೂಳು ಮಾಯವಾದದ್ದೂ ಅದಕ್ಕೇ. ಹಾಗಾದರೆ ನಮ್ಮ ಮಾವನ ಮೈನಸ್ಸು ಈಗ ಎಲ್ಲಿದೆ?

"ನಾಳೇನೇ ಎರಡನ್ನೂ ಬದಲಾಯಿಸಿಬಿಡ್ತೀನಿ" ಎಂದು ಹೆಂಡತಿಗೆ ಹೇಳಿದೆ.

"ಬದಲಾಯಿಸಿ ನೋಡಿ!" ಎಂದು ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಇಪ್ಪತ್ತು ವರ್ಷದಲ್ಲಿ ಮೊದಲನೇ ಸಲ ಅಪ್ಪ ನನ್ನ ಹೊಗಳಿದಾರೆ. ನನ್ನ ಅಪ್ಪನ ಕನ್ನಡಕ ಮುಟ್ಟಿದರೆ ಚೆನ್ನಾಗಿರಲ್ಲ."

"ಆದರೆ ಆ ಸಾಹಿತಿಗಳ ಗತಿ?"

"ಹನ್ನೊಂದು ವರ್ಷದಿಂದ ಏನೂ ಬರೆದಿಲ್ಲ ಅಂತ ನೀವೇ ಹೇಳ್ತೀರಿ. ಕಣ್ಣು ಕಂಡು ಏನು ಮಾಡಬೇಕಾಗಿದೆ ಅವರಿಗೆ?"

ಆದರೂ ನಾನು ಮನಸ್ಸಾಕ್ಷಿ ಇರುವವನು. ಮರುದಿನವೇ ಸರಿಯಾದ ಗಾಜು ಹಾಕಿ ಇನ್ನೊಂದು ಜೊತೆ ಮಾಡಿ, ಜೇಬಿನಲ್ಲಿಟ್ಟುಕೊಂಡು ಸಾಹಿತಿಗಳ ಮನೆಗೆ ಹೋದೆ. ತಪ್ಪೊಪ್ಪಿಕೊಳ್ಳುವ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಮಹಡಿ ಮನೆ, ಕೆಳಗೆ ಟೈಲರಮ್ಮನ ಅಂಗಡಿ. ಬಾಗಿಲು ತೆಗೆದವರು ನನ್ನ ಎರಡೂ ಭುಜ ಹಿಡಿದು, "ಬನ್ನಿ ಗೆಳೆಯರೇ, ನಿಮಗೇ ಕಾಯ್ತಾ ಇದ್ದೆ" ಎಂದರು. ನನ್ನ ಬಾಯಿಪಾಠ ಅಲ್ಲೇ ಕರಗಿಹೋಯಿತು. ಅಷ್ಟು ವರ್ಷದಲ್ಲಿ ನನಗೆ ಯಾರು ಕಾದಿದ್ದರು ಹೇಳಿ?

ಅವರು ನನ್ನನ್ನು ಕಿಟಕಿಗೆ ಕರೆದುಕೊಂಡು ಹೋದರು. "ನೋಡಿ, ಎದುರು ಮಹಡಿ ಮೇಲೆ ಎಷ್ಟೊಂದು ಬಿಳಿ ಹಕ್ಕಿ!"

ಎದುರು ಮಹಡಿಯ ತಂತಿಯ ಮೇಲೆ ಮೂರು ಬನಿಯನ್ನು, ಒಂದು ಹಾಸುಬಟ್ಟೆ ಒಣಗುತ್ತಿದ್ದವು.

"ಹೌದು ಸಾರ್."

"ಆ ದೊಡ್ಡದು ಹಾರಲ್ವಲ್ಲ?"

"ಗಾಳಿ ಬಂದರೆ ಪ್ರಯತ್ನ ಮಾಡುತ್ತೆ ಸಾರ್. ಬೆಳಕು ಹೋಗೋ ಹೊತ್ತಿಗೆ ಒಳಗೆ ಹೋಗುತ್ತೆ."

ಅವರು ನಿಟ್ಟುಸಿರು ಬಿಟ್ಟರು. "ಎಪ್ಪತ್ತು ವರ್ಷ ನಾನು ಲೋಕಾನ ತುಂಬಾ ಹತ್ತಿರದಿಂದ ನೋಡಿಬಿಟ್ಟೆ. ಈ ಕನ್ನಡಕ ಹಾಕಿಕೊಂಡ ಮೇಲೆ ಎಲ್ಲಾ ಸ್ವಲ್ಪ ಕ್ಷಮಿಸಿದ ಹಾಗೆ ಕಾಣುತ್ತೆ. ಇವತ್ತು ಬರೀಬೇಕು ಅನ್ನಿಸ್ತಾ ಇದೆ. ನೀವು ಇಲ್ಲೇ ಕೂತಿರಿ."

ಇದರ ಮೇಲೆ ಕನ್ನಡಕ ಕಿತ್ತುಕೊಳ್ಳಲು ನಾನೇನು ಕಟುಕನೇ?

ಅವರ ಬರವಣಿಗೆಗೆ ಒಂದು ಪದ್ಧತಿಯಿತ್ತು. ಬರೆಯುತ್ತ ಬರೆಯುತ್ತ ಪ್ರತಿ ವಾಕ್ಯವನ್ನೂ ಬಾಯಲ್ಲಿ ಹೇಳುತ್ತಿದ್ದರು. ಹಾಳೆ ತುಂಬಿದೊಡನೆ ಮಗುಚಿ ಹಾಕುತ್ತಿದ್ದರು. ಪುಸ್ತಕ ಮುಗಿಯುವವರೆಗೆ ಅದನ್ನು ಅವರೂ ಮುಟ್ಟುತ್ತಿರಲಿಲ್ಲ, ಬೇರೆಯವರೂ ನೋಡುವಂತಿರಲಿಲ್ಲ. "ಹೇಳಿದ್ದು ಹೋಯ್ತು. ಆಮೇಲೆ ನನಗೆ ಒಂದಕ್ಷರವೂ ನೆನಪಿರಲ್ಲ" ಎನ್ನುತ್ತಿದ್ದರು. ನಾನು ಕುರ್ಚಿಯ ತುದಿಯಲ್ಲಿ ಕೂತು, ಭಕ್ತಿಯಿಂದ ಕಣ್ಣು ಮುಚ್ಚಿ, ಮೈಯೆಲ್ಲಾ ಕಿವಿಯಾಗಿ ಕೇಳುತ್ತಿದ್ದೆ.

"ಊರಿನ ಅಂಚುಗಳೆಲ್ಲ ಒಂದು ಬೆಳಿಗ್ಗೆ ರಜೆ ಹಾಕಿ ಹೋದವು" ಎಂದು ಶುರುವಾಯಿತು. ಗೋಡೆ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಎಂಬುದು ಯಾರಿಗೂ ತಿಳಿಯದು. ಬೀಗ ಎಲ್ಲಿ ಹಾಕಬೇಕೆಂದು ಗೊತ್ತಾಗದೆ ಜನ ಬೀಗ ಹಿಡಿದು ನಿಂತಿದ್ದಾರೆ. ಬಾಗಿಲು ಸಿಗದ ಅಂಚೆಯವನೊಬ್ಬ, ಯಾರು ಕೈ ಚಾಚಿದರೆ ಅವರಿಗೆ ಕಾಗದ ಕೊಟ್ಟು ಹೋಗುತ್ತಾನೆ. ಆಶ್ಚರ್ಯವೆಂದರೆ ಯಾವ ಕಾಗದವೂ ತಪ್ಪು ಮನೆಗೆ ಹೋಗುವುದಿಲ್ಲ. ನಾನು ದಿನಾ ಮನೆಗೆ ಬಂದು ಅಂದಂದಿನದನ್ನು ಹೆಂಡತಿಗೂ ಮಾವನಿಗೂ ಒಪ್ಪಿಸುತ್ತಿದ್ದೆ. ಮಾವ ತಪ್ಪು ಹುಡುಕದೆ ಕೇಳಿ, "ಆಮೇಲೆ ಅಂಚೆಯವನು ಏನು ಮಾಡಿದ ಅಳಿಯಂದ್ರೇ?" ಎನ್ನುತ್ತಿದ್ದರು.

ಎರಡನೆಯ ದಿನ ನಾನು ಅವರಿಗೊಂದು ಕಾಣಿಕೆ ಒಯ್ದೆ. ನಮ್ಮ ಅಂಗಡಿಯಲ್ಲಿ ಗಾಜು ಒರೆಸುವ ನೀರು ಇರುತ್ತದೆ. ಅದನ್ನು ಸಾಹಿತಿಗಳಿಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಡುವುದು ಸರಿಯಲ್ಲವೆಂದು, ಒಂದು ಖಾಲಿ ಶಾಯಿ ಬಾಟಲು ಹುಡುಕಿ ತೊಳೆದು ಅದರಲ್ಲಿ ತುಂಬಿ ಕೊಟ್ಟೆ. ಅವರು ಮೆಚ್ಚಿಕೊಂಡು, ತಮ್ಮ ಶಾಯಿ ಬಾಟಲಿನ ಪಕ್ಕದಲ್ಲೇ ಇಟ್ಟುಕೊಂಡರು. ನನ್ನ ರಸಿಕತೆಗೆ ನಾನೇ ತಲೆದೂಗಿದೆ.

ಹೀಗೆ ಆರು ವಾರ. ಜೇಬಿನಲ್ಲಿ ಸರಿಯಾದ ಕನ್ನಡಕ ದಿನಾ ಹೋಗಿ ದಿನಾ ವಾಪಸು ಬರುತ್ತಿತ್ತು. ಕನ್ನಡಕ ಕೊಟ್ಟರೆ ಅವರ ಮಂಜು ಹೋಗುತ್ತದೆ, ಕಾದಂಬರಿ ನಿಲ್ಲುತ್ತದೆ, ಮುಖ್ಯವಾಗಿ ನನ್ನ ಪ್ರಶಾಂತವಾದ ಮುಖ ಹೋಗುತ್ತದೆ. ಆಮೇಲೆ ಆ ಬಾಗಿಲಲ್ಲಿ ನನ್ನನ್ನು ಯಾರು ಕಾಯುತ್ತಾರೆ? ನಾಳೆ ಕೊಡೋಣ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಟೈಲರಮ್ಮ ಒಂದು ದಿನ ಮೆಟ್ಟಿಲಿಗೆ ಅಡ್ಡ ನಿಂತರು.

"ಏನ್ರೀ, ನಿಮ್ಮ ಸ್ನೇಹಿತರಿಗೆ ಏನಾಗಿದೆ? ದಿನಾ ಬೆಳಿಗ್ಗೆ ನನ್ನ ಅಂಗಡಿ ಗೊಂಬೆಗೆ ನಮಸ್ಕಾರ ಮಾಡ್ತಾರೆ, ನನಗೆ ಮಾಡಲ್ಲ. ನಿನ್ನೆ ಅದರ ಮಗಳ ಮದುವೆ ಯಾವಾಗ ಅಂತ ಕೇಳಿದ್ರು!"

"ದೊಡ್ಡವರಮ್ಮ, ಏನೋ ಯೋಚನೆಯಲ್ಲಿರ್ತಾರೆ."

"ಮೂಗು ಯಾಕೆ ನೀಲಿಯಾಗಿದೆ?"

ನಿಜ, ಅವರ ಮೂಗು ನೀಲಿಯಾಗಿತ್ತು. ಕನ್ನಡಕದ ಗಾಜಿಗೂ ತೆಳುವಾಗಿ ನೀಲಿ ಏರಿತ್ತು. ನಾನೂ ಗಮನಿಸಿದ್ದೆ. ಆದರೆ ಮಹಾ ಸಾಹಿತಿಗಳ ಮೂಗಿನ ಬಣ್ಣ ಕೇಳುವಷ್ಟು ಸಲಿಗೆ ಇನ್ನೂ ಬೆಳೆದಿರಲಿಲ್ಲ. "ಇತ್ತೀಚೆಗೆ ಹಗಲೆಲ್ಲಾ ಬೆಳದಿಂಗಳ ಹಾಗೆ ಕಾಣುತ್ತೆ" ಎಂದು ಅವರು ಹೇಳಿದಾಗ ನಾನು ಅದನ್ನು ಕವಿತೆಯೆಂದೇ ತಿಳಿದೆ.

ಮರುದಿನ ಮಧ್ಯಾಹ್ನ ಟ್ರಾಫಿಕ್ ಪೊಲೀಸರೊಬ್ಬರು ಸಾಹಿತಿಗಳ ತೋಳು ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದರು.

"ಈ ಕನ್ನಡಕ ಯಾರ್ರೀ ಕೊಟ್ಟಿದ್ದು? ಇವರು ಅಂಚೆ ಡಬ್ಬಿಗೆ 'ಸ್ವಲ್ಪ ದಾರಿ ಬಿಡಮ್ಮ' ಅಂತ ಮೂರು ಸಲ ಕೇಳಿದ್ರು. ಬಿಡಲಿಲ್ಲ ಅಂತ ಅದರ ಮೇಲೆ ಮುನಿಸಿಕೊಂಡು ರಸ್ತೆಗಿಳಿದ್ರು. ಎದುರಿಗೆ ಬಸ್ಸು! ನಾನು ಎಳೀದೆ ಇದ್ದಿದ್ರೆ ಕಥೆ ಮುಗೀತಿತ್ತು."

"ಬಸ್ಸಾ? ಮೋಡ ಅಂದುಕೊಂಡೆ" ಎಂದರು ಸಾಹಿತಿಗಳು, ಶಾಂತವಾಗಿ.

"ಹೊಸ ಗಾಜು, ಎರಡು ದಿನ…" ಎಂದು ಯಜಮಾನರು ಬಾಯಿ ತೆಗೆದರು.

"ಎರಡು ದಿನ ಇರಲ್ಲ ಸ್ವಾಮಿ ಇವರು, ಹೀಗಾದ್ರೆ!" ಎಂದರು ಪೊಲೀಸರು.

ಆ ಬಸ್ಸು ನನಗೇ ಬಡಿದ ಹಾಗಾಯಿತು. ನನ್ನ ಮುಖ ಉಳಿಸಿಕೊಳ್ಳುವುದಕ್ಕೆ ಅವರ ಜೀವ ಕಳೆಯುತ್ತಿದ್ದೆನಲ್ಲ! ಯಜಮಾನರಿಗೆ ಹೇಳದೆ ಕೇಳದೆ ಹೊರಗೆ ಬಂದು, ಅವರ ಕೈ ಹಿಡಿದು ಮನೆಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿದೆ. ಚೀಟಿ, ಟ್ರೇ, ಮಾವ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಸರಿಯಾದ ಕನ್ನಡಕವನ್ನು ಅವರ ಕೈಗಿಟ್ಟೆ. ಅವರು ಹಾಕಿಕೊಂಡರು. ನನ್ನ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು.

"ನೀವು ಎತ್ತರ ಇದ್ದಿರಲ್ಲ?"

"ಇಲ್ಲ ಸಾರ್. ಮೊದಲಿಂದಲೂ ಇಷ್ಟೇ."

"ತಲೆ ತುಂಬ ಕೂದಲಿತ್ತು."

"ಅದು ನನ್ನ ಹಿಂದಿನ ಪರದೆ ಇರಬೇಕು ಸಾರ್."

ಅವರು ನಗಲಿಲ್ಲ. ಕಿಟಕಿಯಾಚೆ ನೋಡಿದರು, ಬನಿಯನ್ನುಗಳು ಬನಿಯನ್ನುಗಳೇ ಆಗಿದ್ದವು. ಆಮೇಲೆ ಮಗುಚಿಟ್ಟಿದ್ದ ಹಾಳೆಗಳ ರಾಶಿಯನ್ನು ಎಳೆದುಕೊಂಡರು. ಮೇಲಿನ ಹಾಳೆ ತಿರುಗಿಸಿದರು. ಖಾಲಿ. ಅದರ ಕೆಳಗಿನದು, ಖಾಲಿ. ಮತ್ತೊಂದು, ಇನ್ನೊಂದು. ಹಾಳೆಯ ಮೇಲೆ ನಿಬ್ಬು ಗೀಚಿದ ಗುರುತು ಬಿಟ್ಟರೆ ಏನೂ ಇಲ್ಲ. ರಾಶಿಯ ಅಡಿಯಲ್ಲಿ, ಮೊದಲ ದಿನದ ಮೂರು ಹಾಳೆ ಮಾತ್ರ ಬರೆದದ್ದಿತ್ತು. ನಾನು ಮೇಜಿನ ಮೇಲಿನ ಎರಡು ಬಾಟಲು ನೋಡಿದೆ. ಆರು ವಾರದಿಂದ ಅವರು ಪೆನ್ನಿಗೆ ಗಾಜು ಒರೆಸುವ ನೀರು ತುಂಬಿಸಿ, ಗಾಜನ್ನು ಶಾಯಿಯಿಂದ ಒರೆಸುತ್ತಿದ್ದರು. ಮೂಗಿನ ನೀಲಿ ಬಣ್ಣ ಎಲ್ಲಿಂದ ಬಂತೆಂದು ಆಗ ಅರ್ಥವಾಯಿತು.

ಅದನ್ನೂ ಹೇಳಿದೆ. ಇನ್ನು ಮುಚ್ಚಿಡುವುದಕ್ಕೆ ಏನಿತ್ತು?

"ಹನ್ನೊಂದು ವರ್ಷ ಬರೆಯೋಕಾಗಲಿಲ್ಲ" ಎಂದರು ಅವರು. ಧ್ವನಿ ಬಹಳ ಸಣ್ಣಗಿತ್ತು. "ಕೊನೆಗೂ ಬರೆದೆ ಅಂದುಕೊಂಡಿದ್ದೆ." ಆ ಮೂರು ಹಾಳೆಯನ್ನು ಕೈಗೆತ್ತಿಕೊಂಡು, "ನೀವು ಹೋಗಿ" ಎಂದರು.

ನಾನು ಎದ್ದೆ. ಬಾಗಿಲವರೆಗೆ ಹೋದೆ. ಅಳು ಬರುತ್ತಿತ್ತು. ನಾನೊಬ್ಬ ಮುಟ್ಠಾಳ, ನನ್ನಂಥವನು ಪ್ರೀತಿಸುವುದೂ ಅಪಾಯ ಎಂದು ನನ್ನನ್ನೇ ಬೈದುಕೊಂಡೆ. ಹಿಂದಿನಿಂದ ಅವರು ಮೂರನೇ ಹಾಳೆಯನ್ನು ತಮಗೆ ತಾವೇ ಓದಿಕೊಳ್ಳುತ್ತಿದ್ದುದು ಕೇಳಿಸಿತು. "ಅಂಚೆಯವನು ಬಾಗಿಲು ಹುಡುಕುತ್ತಾ ಬೀದಿಯ ತುದಿಗೆ ಬಂದಾಗ…" ಅಲ್ಲಿಗೆ ಹಾಳೆ ಮುಗಿಯಿತು. ಅವರು ನಿಲ್ಲಿಸಿದರು. ಮುಂದಿನದು ಅವರಿಗೆ ನೆನಪಿರಲಿಲ್ಲ.

"…ಬೀದಿಗೆ ತುದಿಯೇ ಇರಲಿಲ್ಲ" ಎಂದೆ ನಾನು.

ಅವರು ತಲೆಯೆತ್ತಿದರು.

"ತುದಿ ಇಲ್ಲದ ಬೀದಿಯಲ್ಲಿ ನಡೆಯುವವನಿಗೆ ತಡವಾಯಿತು ಎಂಬುದೂ ಇರುವುದಿಲ್ಲ. ಅವನು ಚೀಲ ಕೆಳಗಿಟ್ಟು ಕೂತ." ನನ್ನ ಬಾಯಿಂದ ತಾನಾಗಿ ಬರುತ್ತಿತ್ತು. ಎಷ್ಟು ಸಲ ಹೆಂಡತಿಗೆ ಹೇಳಿರಲಿಲ್ಲ, ಎಷ್ಟು ಸಲ ಮಾವ ಕೇಳಿ ಕೇಳಿ ಹೇಳಿಸಿರಲಿಲ್ಲ! ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಒಂದು ಪುಟದಷ್ಟಾದ ಮೇಲೆ ಕಣ್ಣು ಮುಚ್ಚಿಕೊಂಡೇ, "ಹೂಂ. ನೀವೇ. ಈ ಧ್ವನಿ ಗೊತ್ತು ನನಗೆ" ಎಂದರು. ಕುರ್ಚಿ ತೋರಿಸಿದರು.

ಅಂದಿನಿಂದ ಸಂಜೆ ನಾನು ಹೇಳುವುದು, ಅವರು ಬರೆಯುವುದು. ಮನೆಯಲ್ಲಿ ಮಾವನಿಗೂ ಅವರ ಸ್ವಂತ ನಂಬರಿನ ಕನ್ನಡಕ ಮಾಡಿಕೊಟ್ಟೆ. ಅವರು ಹಾಕಿಕೊಂಡು ಕಪಾಟು ನೋಡಿದರು, ನನ್ನ ಗುಂಡಿ ನೋಡಿದರು, ಮಗಳ ಮುಖವನ್ನೂ ನೋಡಿದರು. ಕನ್ನಡಕ ಕಳಚಿ ನನ್ನ ಕೈಗೆ ಕೊಟ್ಟು, "ನಲವತ್ತು ವರ್ಷ ಎಲ್ಲಾ ಸರಿಯಾಗೇ ನೋಡಿದೀನಿ ಅಳಿಯಂದ್ರೇ. ಇದು ಹೊರಗೆ ಹೋಗೋವಾಗ ಇರಲಿ. ಮನೇಲಿ ಆ ತಪ್ಪು ಕನ್ನಡಕಾನೇ ಕೊಡಿ" ಎಂದರು. ನನ್ನ ಹೆಂಡತಿ ಆ ದಿನ ಅವರಿಗೆ ನಿಜವಾಗಿಯೇ ಎರಡಷ್ಟು ಬಡಿಸಿದಳು.

ಸಾಹಿತಿಗಳ ಕೆಲಸ ಸಲೀಸಾಗಿ ಸಾಗಿತು. ನಡುನಡುವೆ ಪೆನ್ನು ನಿಲ್ಲಿಸಿ, "ಇದು ನಾನು ಹೇಳಿದ್ದಾ? ಪರವಾಗಿಲ್ಲವೇ!" ಎನ್ನುತ್ತಿದ್ದರು. ಹದಿನೇಳನೇ ಸಂಜೆ ನನ್ನ ಗ್ರಹಚಾರ ಕಾದಿತ್ತು. ಆ ಭಾಗ ಅವರು ಬರೆದ ದಿನ ನನ್ನ ಗಮನವೆಲ್ಲ ಅವರ ನೀಲಿ ಮೂಗಿನ ಮೇಲಿತ್ತು. ಒಂದು ಪದವೂ ಕಿವಿಗೆ ಬಿದ್ದಿರಲಿಲ್ಲ. ಅವರು ಪೆನ್ನು ಹಿಡಿದು ಕಾಯುತ್ತಿದ್ದಾರೆ. ಮರೆತುಹೋಯಿತು ಎಂದರೆ ಪುಸ್ತಕಕ್ಕೆ ಅಲ್ಲೇ ತೂತು. ಅವರದ್ದನ್ನು ಎರಡು ಸಲ ಹಾಳು ಮಾಡುವುದಕ್ಕೆ ನನಗೆ ಧೈರ್ಯವಾಗಲಿಲ್ಲ. ಕಣ್ಣು ಮುಚ್ಚಿಕೊಂಡೆ.

"ಅವನ ಚೀಲದಲ್ಲಿ ಒಂದೇ ಒಂದು ಕಾಗದ ಉಳಿದಿತ್ತು" ಎಂದೆ. "ಅದಕ್ಕೆ ಯಾರೂ ಕೈ ಚಾಚಲಿಲ್ಲ. ಕೊನೆಗೆ ಅವನೇ ಒಡೆದು ಓದಿದ. ತಡವಾಗಿದೆ, ಆದರೂ ಬಾ, ಎಂದಷ್ಟೇ ಅದರಲ್ಲಿತ್ತು."

ಪೆನ್ನಿನ ಸದ್ದು ಬರಲಿಲ್ಲ. ಕಣ್ಣು ತೆರೆದೆ. ಅವರು ಆ ಸರಿಯಾದ ಕನ್ನಡಕದಿಂದ ನನ್ನನ್ನೇ ನೋಡುತ್ತಿದ್ದರು. ನನ್ನ ಬೋಳುತಲೆ, ಕಿತ್ತುಹೋದ ಮೂರನೇ ಗುಂಡಿ, ಗಾಜಿನ ಪುಡಿ ಹತ್ತಿದ ಬೆರಳು, ಒಂದೂ ಬಿಡದೆ ನೋಡಿದರು.

"ಇದು ನಾನು ಹೇಳಿದ್ದಲ್ಲ" ಎಂದರು.

"ಅಲ್ಲ ಸಾರ್."

ಅವರು ತಲೆ ತಗ್ಗಿಸಿ ಆ ನಾಲ್ಕು ವಾಕ್ಯವನ್ನೂ ಹಾಳೆಗಿಳಿಸಿದರು.

"ಮುಂದೆ ಹೇಳಿ" ಎಂದರು.

ಮುಂದೆ ಏನೆಂದು ನನಗೂ ಗೊತ್ತಿರಲಿಲ್ಲ. ಹೇಳಿದೆ.